ಸರ್ಕಾರಿ ಗುಟ್ಟು, ಸರ್ಕಾರಿ ನಂಬಿಕೆ



ಕೊಪ್ಪಳದ ಗವಿಮಠದ ಬೆಟ್ಟದಲ್ಲಿ ಮತ್ತು ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನಗಳಿವೆ. ಅವು ಬೆಳಕಿಗೆ ಬಂದದ್ದು 1931ರಲ್ಲಿ. ನಮ್ಮ ಸೀಮೆಗೆ ಬಂದ ಅತಿ ಹಳೆಯ ಸರ್ಕಾರಿ ಕಾಗದ ಎಂದು ಏನನ್ನಾದರೂ ಕರೆಯುವುದಾದರೆ ಈ ಬಂಡೆಗಳನ್ನೇ ಕರೆಯಬೇಕು. ಅರಸನ ಮಾತು ಬಯಲಲ್ಲಿದೆ. ಅದಕ್ಕೆ ಲಕೋಟೆ ಇಲ್ಲ, ಅರಗಿನ ಮೊಹರಿಲ್ಲ, ಯಾರಿಗೆ ಮಾತ್ರ ತೋರಿಸಬೇಕು ಎಂಬ ಪಟ್ಟಿಯೂ ಇಲ್ಲ.

ಆಮೇಲಿನ ಕಾಲದಲ್ಲಿ ನಮ್ಮ ಭಾಗ ಬೇರೆ ಥರದ ಆಡಳಿತವನ್ನೂ ಕಂಡಿತು. ಕೊಪ್ಪಳ, ಯಲಬುರ್ಗಾ ಸಾಲಾರ್‌ಜಂಗರ ಜಹಗೀರಿನಲ್ಲಿದ್ದವು. ಮೇಲೆ ನಿಜಾಮರ ಸರ್ಕಾರ, ಅದರ ಆಡಳಿತದ ಭಾಷೆ ಉರ್ದು. ಕನ್ನಡ ಮಾತ್ರ ಬಲ್ಲ ಒಕ್ಕಲಿಗನಿಗೆ ತನ್ನ ಹೊಲದ ಮೇಲೆ ಬಂದ ಹುಕುಂ ಕೂಡ ಗುಟ್ಟೇ ಆಗಿತ್ತು. ಯಾರೂ ಬಚ್ಚಿಟ್ಟಿರಲಿಲ್ಲ, ಆದರೂ ಅವನಿಗೆ ತಿಳಿಯುವ ಹಾಗಿರಲಿಲ್ಲ. ಹಾಗೆ ನೋಡಿದರೆ 2005ರ ಅಕ್ಟೋಬರ್ 12ರಂದು ಜಾರಿಗೆ ಬಂದ ಮಾಹಿತಿ ಹಕ್ಕು ಕಾಯ್ದೆ ನಮಗೆ ಸಣ್ಣ ಸಂಗತಿಯಲ್ಲ. ಸರ್ಕಾರದ ಕಾಗದ ಜನರದ್ದು, ಕೊಡದಿದ್ದರೆ ಯಾಕೆ ಕೊಡುವುದಿಲ್ಲ ಎಂದು ಕಚೇರಿಯವರೇ ಕಾರಣ ಹೇಳಬೇಕು ಎಂಬುದು ಆ ಕಾಯ್ದೆಯ ಜೀವಾಳ.

ಹಾಗಿದ್ದರೂ ಕೆಲವನ್ನು ಮುಚ್ಚಿಡಲೇಬೇಕಾಗುತ್ತದೆ. ಇವತ್ತಿನ ಮಾತು ಆ ಕೆಲವನ್ನು ಕುರಿತದ್ದು. ಅವನ್ನು ಕಾಯುವವರು ಯಾರು, ಅವರು ಸರ್ಕಾರದ ನಂಬಿಕೆ ಕಳೆದುಕೊಳ್ಳುವುದು ಹೇಗೆ, ಆ ನಂಬಿಕೆಯನ್ನು ಕಿತ್ತುಕೊಳ್ಳುವಾಗ ಸರ್ಕಾರ ಹೇಗೆ ನಡೆದುಕೊಳ್ಳಬೇಕು ಎಂದು ನೋಡೋಣ.

ಗುಟ್ಟು ಎಂದ ಕೂಡಲೇ ನಮ್ಮ ಮನಸ್ಸು ದಿಲ್ಲಿಗೆ, ಗಡಿಗೆ, ಗೂಢಚಾರರ ಕಡೆಗೆ ಓಡುತ್ತದೆ. ಅಷ್ಟು ದೂರ ಹೋಗಬೇಕಿಲ್ಲ. ಕುಷ್ಟಗಿಯ ಶಾಲೆಯ ಮೇಷ್ಟ್ರು ಜನಗಣತಿಗೆ ಮನೆ ಮನೆ ತಿರುಗಿ ಬರೆದುಕೊಳ್ಳುವ ವಿವರ ಗುಟ್ಟಿನದು. 1948ರ ಜನಗಣತಿ ಕಾಯ್ದೆಯ ಪ್ರಕಾರ ಅದನ್ನು ಹೊರಗೆ ಹೇಳಿದರೆ ಗಣತಿದಾರನಿಗೇ ಶಿಕ್ಷೆ. ಪೊಕ್ಸೊ ಪ್ರಕರಣದಲ್ಲಿ ನೊಂದ ಮಗುವಿನ ಹೆಸರು ಗುಟ್ಟು, ಅದು ಎಂದೆಂದಿಗೂ ಗುಟ್ಟು. ಗಂಗಾವತಿಯ ಕಾಮಗಾರಿಯೊಂದಕ್ಕೆ ಬಂದ ಟೆಂಡರಿನ ದರ ತೆರೆಯುವ ಗಳಿಗೆಯವರೆಗೆ ಗುಟ್ಟು, ತೆರೆದ ಮೇಲೆ ಊರಿಗೆಲ್ಲ ತಿಳಿಯಬೇಕಾದದ್ದು. ಪರೀಕ್ಷೆಯ ಪ್ರಶ್ನೆಪತ್ರಿಕೆಯೂ ಹಾಗೆಯೇ. ಹೊಸ ರೈಲು ಮಾರ್ಗಕ್ಕೆ ಯಾರ ಯಾರ ಹೊಲ ಹೋಗುತ್ತದೆ ಎಂಬುದು ಅಧಿಸೂಚನೆಗೆ ಮುಂಚೆ ತಿಳಿದರೆ ಲಕ್ಷಗಟ್ಟಲೆ ಬೆಲೆ ಬಾಳುವ ಸುದ್ದಿ, ಆಮೇಲೆ ಬರೀ ಗೆಜೆಟ್ಟಿನ ಒಂದು ಸಾಲು. ತಳಕಲ್ಲಿನಿಂದ ಯಲಬುರ್ಗಾ ದಾಟಿ ಕುಷ್ಟಗಿಗೆ ರೈಲು ಬಂದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಂದರೆ ಸರ್ಕಾರಿ ಗುಟ್ಟಿಗೆ ಆಯುಷ್ಯ ಇರುತ್ತದೆ. ಕೆಲವಕ್ಕೆ ಒಂದು ರಾತ್ರಿ, ಕೆಲವಕ್ಕೆ ಒಂದು ತಿಂಗಳು, ಕೆಲವಕ್ಕೆ ಮನುಷ್ಯನ ಜೀವಮಾನ. ಆ ಆಯುಷ್ಯ ತೀರುವವರೆಗೆ ಕಾಯುವ ಕೆಲಸ ಒಬ್ಬರದಾಗಿರುತ್ತದೆ. ರಕ್ಷಣಾ ಇಲಾಖೆಯಲ್ಲೋ, ಬಾಹ್ಯಾಕಾಶದ ಕೇಂದ್ರದಲ್ಲೋ, ಕೈಗಾದಂಥ ಅಣುಸ್ಥಾವರದಲ್ಲೋ ಕೆಲಸಕ್ಕೆ ಸೇರುವವರ ಹಿನ್ನೆಲೆ ವಿಚಾರಿಸಿ ಅವರನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ. ಇದಕ್ಕೆ ಸೆಕ್ಯುರಿಟಿ ಕ್ಲಿಯರೆನ್ಸ್ ಎನ್ನುತ್ತಾರೆ. ಅದು ಸಿಕ್ಕವರಿಗೂ ಎಲ್ಲವನ್ನೂ ನೋಡುವ ಅಧಿಕಾರ ಇರುವುದಿಲ್ಲ, ತಮ್ಮ ಕೆಲಸಕ್ಕೆ ಬೇಕಾದಷ್ಟನ್ನು ಮಾತ್ರ ನೋಡಬಹುದು. ತಾಲ್ಲೂಕು ಮಟ್ಟದಲ್ಲಿ ಇಷ್ಟು ದೊಡ್ಡ ಹೆಸರಿಲ್ಲ. ಅಲ್ಲಿ ಅದು ಖಜಾನೆಯ ಕೀಲಿ ಕೈ. ಭೂಮಿ ತಂತ್ರಾಂಶದಲ್ಲಿ ಬೆರಳಿನ ಗುರುತು. ಪಿಡಿಒ ಅವರ ಡಿಜಿಟಲ್ ಸಹಿಯ ಡಾಂಗಲ್. ಚುನಾವಣೆಯ ಕಾಲಕ್ಕೆ ಅಂಗನವಾಡಿ ಕಾರ್ಯಕರ್ತೆಯೋ ಮೇಷ್ಟ್ರೋ ಕೊರಳಿಗೆ ಹಾಕಿಕೊಳ್ಳುವ ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿಯ ಗುರುತಿನ ಚೀಟಿ. ಹೆಸರು ಬೇರೆ ಬೇರೆ, ತಿರುಳು ಒಂದೇ. ಇದನ್ನು ಕೊಟ್ಟದ್ದು ಹುದ್ದೆಗೆ, ಆ ಹುದ್ದೆಯಲ್ಲಿ ಕೂತ ಮನುಷ್ಯನಿಗಲ್ಲ.

ಈ ನಂಬಿಕೆ ಕೈತಪ್ಪುವುದು ಹೇಗೆ? ಲಂಚದ ಗಂಟು ಹಿಡಿದುಕೊಂಡು ಬಂದವನನ್ನು ಗುರುತಿಸುವುದು ಸುಲಭ. ಕಷ್ಟವಿರುವುದು ಇನ್ನೊಂದು ಕಡೆ. ಯಾವ ಊರಿನ ಯಾವ ಕಚೇರಿಯಲ್ಲಾದರೂ ಕೇಳಿಬರಬಹುದಾದ ಒಂದು ಮಾತುಕತೆಯನ್ನು ಮುಂದಿಡುತ್ತೇನೆ.

“ಮಾವಾ, ನಕ್ಷೆ ಬಂದೈತಂತಲ್ಲ?”

“ಬಂದಿರಬೌದು. ಅಧಿಸೂಚನೆ ಆದಮ್ಯಾಲೆ ಎಲ್ಲಾರಿಗೂ ಕಾಣತೈತಿ.”

“ಎಲ್ಲಾರಿಗೂ ಕಂಡಮ್ಯಾಲೆ ನಾ ನೋಡಿ ಏನ್ ಮಾಡ್ಲಿ? ನಮ್ಮ ಹೊಲದಾಗ ಹಾಯತೈತೋ ಇಲ್ಲೋ, ಅಷ್ಟ ಹೇಳು. ಕಾಗದ ಬ್ಯಾಡ, ಫೋನಿನ್ಯಾಗ ಒಂದು ಫೋಟೋ ಹೊಡ್ಕೊಂತೀನಿ.”

“ಅದು ಆಗಾಂಗಿಲ್ಲಪಾ.”

“ನಿನ್ನ ಮಗಳ ಮದುವ್ಯಾಗ ಹಗಲೂ ರಾತ್ರಿ ನಿಂತು ಅಡಿಗಿ ಮಾಡಿಸೀನಿ. ಈಗ ನಾ ಹೊರಗಿನಾಂವ ಆದ್ನೇನು?”

ಇಲ್ಲಿ ಲಂಚ ಇಲ್ಲ, ಬೆದರಿಕೆ ಇಲ್ಲ. ಇರುವುದು ಋಣ. ಲಂಚ ಬೇಡ ಎಂದರೆ ಮನುಷ್ಯ ದೊಡ್ಡವನಾಗುತ್ತಾನೆ, ಋಣ ಇಲ್ಲ ಎಂದರೆ ಸಣ್ಣವನಾಗುತ್ತಾನೆ. ಕೊಪ್ಪಳದಂಥ ಊರುಗಳಲ್ಲಿ ನೌಕರನೂ ಅರ್ಜಿದಾರನೂ ಒಂದೇ ಜಾತ್ರೆಯಲ್ಲಿ ದಾಸೋಹಕ್ಕೆ ಕೂರುವವರು. ಅಂಥಲ್ಲಿ ಇಲ್ಲ ಎನ್ನುವ ಧೈರ್ಯವನ್ನು ಮನುಷ್ಯ ಬರೀ ತನ್ನೊಳಗಿನಿಂದ ತರಬೇಕು ಎಂದರೆ ಅದು ಬಹಳ ದಿನ ಬಾಳುವುದಿಲ್ಲ. ಆಸರೆ ಬೇಕು, ಆ ಆಸರೆಯೇ ನಿಯಮ. “ನನ್ನ ಮನಸ್ಸಿದ್ದರೂ ಆಗೋದಿಲ್ಲ, ಎರಡನೇ ಕೀಲಿ ನನ್ನ ಹತ್ತಿರ ಇಲ್ಲ” ಎಂದು ಹೇಳಲು ಬಂದರೆ ಸಂಬಂಧವೂ ಉಳಿಯುತ್ತದೆ, ಗುಟ್ಟೂ ಉಳಿಯುತ್ತದೆ.

ಖಜಾನೆಯ ಭದ್ರತಾ ಕೊಠಡಿಯ ಏರ್ಪಾಟು ಇದೇ ತಿಳಿವಳಿಕೆಯಿಂದ ಹುಟ್ಟಿದ್ದು. ಬಾಗಿಲಿಗೆ ಎರಡು ಬೀಗ. ಒಂದರ ಕೀಲಿ ಅಧಿಕಾರಿಯ ಹತ್ತಿರ, ಇನ್ನೊಂದರದು ಕೈಕೆಳಗಿನ ಇನ್ನೊಬ್ಬರ ಹತ್ತಿರ. ಹೊರಗೆ ಪೊಲೀಸ್ ಪಹರೆ. ಬಾಗಿಲು ತೆರೆದ ಹೊತ್ತು, ಮುಚ್ಚಿದ ಹೊತ್ತು ರಿಜಿಸ್ಟರಿನಲ್ಲಿ ದಾಖಲು. ಒಳಗಿಟ್ಟ ಪ್ರಶ್ನೆಪತ್ರಿಕೆಯ ಬಂಡಲಿನ ಹುರಿಯ ಮೇಲೆ ಅರಗು ಕರಗಿಸಿ ಒತ್ತಿದ ಮೊಹರು. ಇಷ್ಟೆಲ್ಲ ಮಾಡಿರುವುದು ಅಲ್ಲಿರುವವರು ಕಳ್ಳರೆಂದಲ್ಲ. ಒಬ್ಬನೇ ಇದ್ದಾಗ ಒತ್ತಾಯಕ್ಕೆ ಬಗ್ಗುವ ಮನುಷ್ಯ ಇಬ್ಬರಿದ್ದಾಗ ಬಗ್ಗುವುದು ಕಷ್ಟ ಎಂದು.

ಈ ಏರ್ಪಾಟೂ ಸೋತದ್ದುಂಟು. 2016ರ ಮಾರ್ಚ್ 21ರಂದು ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಬಯಲಾಯಿತು. ಪರೀಕ್ಷೆ ರದ್ದಾಯಿತು. ಮಾರ್ಚ್ 31ಕ್ಕೆ ಮರುಪರೀಕ್ಷೆ ಇಟ್ಟರು, ಆ ಪತ್ರಿಕೆಯೂ ಬಯಲಾಯಿತು. ಕಡೆಗೆ ಪರೀಕ್ಷೆ ನಡೆದದ್ದು ಏಪ್ರಿಲ್ 12ಕ್ಕೆ. ಲಕ್ಷಕ್ಕೂ ಮಿಕ್ಕಿದ ಮಕ್ಕಳು ಒಂದೇ ವಿಷಯವನ್ನು ಮೂರು ಸಲ ಓದಿಕೊಂಡು ಕೂತರು. ಅವರಲ್ಲಿ ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿಯ ಮಕ್ಕಳೂ ಇದ್ದರು. ಸರ್ಕಾರ ಪದವಿಪೂರ್ವ ಶಿಕ್ಷಣ ಇಲಾಖೆಯ 40 ಜನರನ್ನು ಒಂದೇ ಏಟಿಗೆ ಅಮಾನತು ಮಾಡಿತು. ಸಿಐಡಿ ತನಿಖೆ ಮುಂದುವರಿದಂತೆ ಸುದ್ದಿ ಬೆಂಗಳೂರಿನ ಇಲಾಖೆಯಿಂದ ಹಾವೇರಿ ಜಿಲ್ಲೆಯ ಹಾನಗಲ್ಲಿನ ಉಪಖಜಾನೆಗೆ ಬಂದು ನಿಂತಿತು, ಅಲ್ಲಿಯ ನೌಕರನೊಬ್ಬನ ಬಂಧನವಾಯಿತು.

ಈ ಪ್ರಕರಣದಲ್ಲಿ ನಾವು ನೋಡಬೇಕಾದ್ದು ಎರಡು. ಒಂದು, ಬೀಗ ಎಷ್ಟೇ ಗಟ್ಟಿ ಇರಲಿ, ಅದರ ಬಲ ಇರುವುದು ಕೀಲಿ ಹಿಡಿದ ಕೈಯಲ್ಲಿ. ಹಿಂದೆ ಬಂಡಲನ್ನೇ ಕದಿಯಬೇಕಿತ್ತು, ಈಗ ಫೋನಿನ ಕಣ್ಣಿಗೆ ಒಂದು ನಿಮಿಷ ತೋರಿಸಿದರೆ ಮುಗಿಯಿತು. ಆ ವರ್ಷದ ಪೆಟ್ಟಿನ ನಂತರ ಖಜಾನೆಗಳಲ್ಲಿ ಸಿಸಿಟಿವಿ ಕಣ್ಗಾವಲು ಬಿಗಿಯಾಯಿತು, ಪ್ರಶ್ನೆಪತ್ರಿಕೆ ಸಾಗಿಸುವ ಏರ್ಪಾಟು ಬದಲಾಯಿತು. ಎರಡನೆಯದು, ಆ 40 ಜನರ ಅಮಾನತು. ಅಮಾನತು ಮೊದಲು, ಎಲ್ಲಿ ಸೋರಿತು ಎಂಬ ಪತ್ತೆ ಆಮೇಲೆ. ಈ ಮಾತಿಗೆ ಮತ್ತೆ ಬರುತ್ತೇನೆ.

ಇನ್ನೊಂದು ಪ್ರಕರಣ 2022ರದು. ಬೆಂಗಳೂರಿನಲ್ಲಿ ಮತದಾರರಿಗೆ ತಿಳಿವಳಿಕೆ ಕೊಡುತ್ತೇವೆ, ಪುಕ್ಕಟೆ ಮಾಡುತ್ತೇವೆ ಎಂದು ಚಿಲುಮೆ ಎಂಬ ಸಂಸ್ಥೆ ಮುಂದೆ ಬಂತು. ಬಿಬಿಎಂಪಿ ಆಗಸ್ಟ್‌ನಲ್ಲಿ ಅನುಮತಿ ಕೊಟ್ಟಿತು. ಸಂಸ್ಥೆಯ ಜನ ಬಿಎಲ್‌ಒ ಎಂದು ಗುರುತಿನ ಚೀಟಿ ಹಾಕಿಕೊಂಡು ಮನೆ ಮನೆಗೆ ಹೋಗಿ ಮತದಾರರ ಖಾಸಗಿ ವಿವರ ಬರೆದುಕೊಂಡರು ಎಂಬ ದೂರು ಬಂತು. ನವೆಂಬರ್ ಮೊದಲ ವಾರದಲ್ಲಿ ಅನುಮತಿ ಹಿಂತೆಗೆದುಕೊಂಡರು. ನವೆಂಬರ್ 17ರ ಹೊತ್ತಿಗೆ ಪತ್ರಕರ್ತರ ತನಿಖಾ ವರದಿ ಬಂದು ರಾಜ್ಯವೆಲ್ಲ ಗದ್ದಲವಾಯಿತು. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳ ಮತದಾರರ ಪಟ್ಟಿಯನ್ನು ಮತ್ತೆ ಪರಿಶೀಲಿಸಲು ಚುನಾವಣಾ ಆಯೋಗ ಹೇಳಿತು. ಆಯೋಗದ ಸೂಚನೆಯ ಮೇಲೆ ಇಬ್ಬರು ಐಎಎಸ್ ಅಧಿಕಾರಿಗಳ ಅಮಾನತಾಯಿತು.

ಇಲ್ಲಿ ಯಾರೂ ಬೀಗ ಮುರಿಯಲಿಲ್ಲ. ಸರ್ಕಾರವೇ ಬಾಗಿಲು ತೆರೆದುಕೊಟ್ಟಿತ್ತು. ಗುರುತಿನ ಚೀಟಿ ಕೊರಳಲ್ಲಿದ್ದರೆ ಅಜ್ಜಿ ಕುರ್ಚಿ ಹಾಕಿ ಕೂರಿಸುತ್ತಾಳೆ, ಆಧಾರ್ ಕಾರ್ಡು ತಂದು ಕೈಗೆ ಕೊಡುತ್ತಾಳೆ. ಅವಳು ನಂಬಿದ್ದು ಬಂದ ಹುಡುಗನನ್ನಲ್ಲ, ಆ ಚೀಟಿಯನ್ನು. ನಮ್ಮಲ್ಲಿ ಬಿಸಿಲು ಮಳೆ ಎನ್ನದೆ ಅದೇ ಚೀಟಿ ಹಾಕಿಕೊಂಡು ತಿರುಗುವ ಅಂಗನವಾಡಿ ಕಾರ್ಯಕರ್ತೆಯರು ಎಷ್ಟೋ ಜನ. ಬೆಂಗಳೂರಿನಲ್ಲಿ ಆ ಚೀಟಿಯ ಮಾನ ಹೋದರೆ ಯಲಬುರ್ಗಾದ ಓಣಿಯಲ್ಲಿ ಅವರ ಮುಂದೆ ಬಾಗಿಲು ಮುಚ್ಚುತ್ತದೆ. ನಂಬಿಕೆ ಕಳೆದುಕೊಳ್ಳುವವರು ಒಂದು ಕಡೆ, ಅದರ ಬೆಲೆ ತೆರುವವರು ಇನ್ನೊಂದು ಕಡೆ.

ಸಣ್ಣ ನೌಕರರೇ ಸಡಿಲ, ಮೇಲಿನವರು ಬಿಗಿ ಎಂದು ತಿಳಿಯಬೇಡಿ. 1985ರ ಜನವರಿಯಲ್ಲಿ ದಿಲ್ಲಿಯಲ್ಲಿ ಕೂಮರ್ ನಾರಾಯಣ್ ಪ್ರಕರಣ ಹೊರಬಂತು. ಪ್ರಧಾನಿ ಕಚೇರಿಯ ಕಡತಗಳು ರಾತ್ರಿ ಹೊರಗೆ ಹೋಗಿ, ನಕಲಾಗಿ, ಮರಳಿ ತಮ್ಮ ಜಾಗ ಸೇರುತ್ತಿದ್ದವು. ಪ್ರಧಾನಿಯ ಪ್ರಧಾನ ಕಾರ್ಯದರ್ಶಿ ಪಿ.ಸಿ. ಅಲೆಕ್ಸಾಂಡರ್ ರಾಜೀನಾಮೆ ಕೊಡಬೇಕಾಯಿತು. ಅಮೆರಿಕದಲ್ಲಿ ಸಿಐಎ ಗೂಢಚಾರ ಸಂಸ್ಥೆಯ ಮುಖ್ಯಸ್ಥರಾಗಿದ್ದ ಜಾನ್ ಡಾಯ್ಚ್ ರಹಸ್ಯ ಕಡತಗಳನ್ನು ಮನೆಯ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದರು. ಅದಕ್ಕೆ ಇಂಟರ್‌ನೆಟ್ ಸಂಪರ್ಕವೂ ಇತ್ತು. ಅವರು ಹುದ್ದೆ ಬಿಟ್ಟ ಮೇಲೆ ಇದು ಪತ್ತೆಯಾಯಿತು, 1999ರ ಆಗಸ್ಟ್‌ನಲ್ಲಿ ಅವರ ಸೆಕ್ಯುರಿಟಿ ಕ್ಲಿಯರೆನ್ಸನ್ನು ತಡೆಹಿಡಿದರು. ಅವರು ಯಾರಿಗೂ ಏನನ್ನೂ ಮಾರಿರಲಿಲ್ಲ. ಕಚೇರಿಯಲ್ಲೇ ಬಿಡಬೇಕಾದ ಕೆಲಸವನ್ನು ಮನೆಗೆ ಒಯ್ದಿದ್ದರು. ಗೌಪ್ಯ ಎಂದು ಬರೆದ ಪತ್ರದ ಫೋಟೋ ತೆಗೆದು ಕಚೇರಿಯ ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ನಮ್ಮ ಇಂದಿನ ರೂಢಿಯೂ ಅದೇ ಜಾತಿಯದು. ಕೆಲಸ ಬೇಗ ಆಗಲಿ ಎಂದೇ ಹಾಕುತ್ತಾರೆ. ಒಂದು ಸಲ ಹೋದದ್ದು ಎಲ್ಲೆಲ್ಲಿಗೆ ಹೋಯಿತು ಎಂದು ಹೇಳುವವರು ಯಾರೂ ಇರುವುದಿಲ್ಲ.

ಕಾನೂನು ಈ ಅಜಾಗ್ರತೆಯನ್ನೂ ಬಿಡುವುದಿಲ್ಲ. 1923ರ ಅಧಿಕೃತ ರಹಸ್ಯ ಕಾಯ್ದೆಯ 5ನೇ ಕಲಮು ಗುಟ್ಟನ್ನು ಹೊರಗೆ ಕೊಟ್ಟವನನ್ನು ಹಿಡಿಯುತ್ತದೆ, ತನ್ನ ವಶದಲ್ಲಿದ್ದುದನ್ನು ಸರಿಯಾಗಿ ಜೋಪಾನ ಮಾಡದವನನ್ನೂ ಹಿಡಿಯುತ್ತದೆ. ಶಿಕ್ಷೆ ಮೂರು ವರ್ಷದವರೆಗೆ. ನೇಮಕಾತಿ ಪರೀಕ್ಷೆಗಳ ವಿಷಯದಲ್ಲಿ ಕರ್ನಾಟಕ ಇನ್ನೂ ಬಿಗಿಯಾಯಿತು. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ನಡೆದ ಪರೀಕ್ಷೆಯನ್ನು ಅಕ್ರಮದ ಕಾರಣಕ್ಕೆ 2022ರ ಏಪ್ರಿಲ್‌ನಲ್ಲಿ ರದ್ದು ಮಾಡಬೇಕಾಯಿತು. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಅಧಿಕಾರಿಯೇ ಬಂಧನಕ್ಕೊಳಗಾದರು. 2023ರಲ್ಲಿ ಬಂದ ರಾಜ್ಯದ ಹೊಸ ಕಾಯ್ದೆ ವರ್ಷಗಟ್ಟಲೆ ಜೈಲು, ಹತ್ತು ಕೋಟಿ ರೂಪಾಯಿವರೆಗೆ ದಂಡ ಎನ್ನುತ್ತದೆ. ಆದರೆ ಊರೂರು ತಿರುಗಿ ಸಾಲ ಮಾಡಿ ಓದಿದ ಹುಡುಗನಿಗೆ ಮರುಪರೀಕ್ಷೆ ಸಿಕ್ಕದ್ದು 2024ರ ಜನವರಿಯಲ್ಲಿ. ಅವನು ಕಾದ ಎರಡು ವರ್ಷವನ್ನು ಯಾವ ದಂಡವೂ ತುಂಬಿಕೊಡುವುದಿಲ್ಲ.

ಈಗ ಆ 40 ಜನರ ವಿಷಯಕ್ಕೆ ಬರೋಣ. ನಂಬಿಕೆ ಕಿತ್ತುಕೊಳ್ಳುವ ಅಧಿಕಾರ ಸರ್ಕಾರಕ್ಕೆ ಇರಲೇಬೇಕು. ಅನುಮಾನ ಬಂದವನ ಕೈಯಲ್ಲಿ ಕೀಲಿ ಬಿಟ್ಟು ತನಿಖೆ ಮಾಡಲಾಗುವುದಿಲ್ಲ. ನಮ್ಮ ಸೇವಾ ನಿಯಮಗಳಲ್ಲಿ ಅಮಾನತು ಶಿಕ್ಷೆಯಲ್ಲ, ವಿಚಾರಣೆಗೆ ದಾರಿ ಬಿಡಿಸುವ ಕ್ರಮ ಮಾತ್ರ. ಶಿಕ್ಷೆ ಕೊಡಬೇಕಾದರೆ ಆರೋಪ ಬರೆದುಕೊಡಬೇಕು, ಅವನ ಉತ್ತರ ಕೇಳಬೇಕು, ಸಂವಿಧಾನದ 311ನೇ ವಿಧಿಯೂ ಇದನ್ನೇ ಹೇಳುತ್ತದೆ. ಆದರೆ ಸಣ್ಣ ಊರಿನಲ್ಲಿ ಅಮಾನತಾದವನನ್ನು ಜನ ನೋಡುವ ನೋಟ ಬೇರೆ. ಚಹಾದಂಗಡಿಯಲ್ಲಿ ಅವನ ತೀರ್ಪು ಅವತ್ತೇ ಬಂದುಬಿಟ್ಟಿರುತ್ತದೆ. ಆಮೇಲೆ ನಿರ್ದೋಷಿ ಎಂದು ಬಂದ ಆದೇಶವನ್ನು ಓದುವವರು ಕಡಿಮೆ.

ಇಸ್ರೋ ಗೂಢಚರ್ಯೆ ಪ್ರಕರಣ ಇದರ ದೊಡ್ಡ ಪಾಠ. 1994ರಲ್ಲಿ ವಿಜ್ಞಾನಿ ನಂಬಿ ನಾರಾಯಣನ್ ಅವರನ್ನು ರಹಸ್ಯ ಮಾರಿದರೆಂದು ಬಂಧಿಸಿದರು. ಸಿಬಿಐ 1996ರಲ್ಲೇ ಇದರಲ್ಲಿ ಹುರುಳಿಲ್ಲ ಎಂದಿತು. ಸುಪ್ರೀಂ ಕೋರ್ಟು 50 ಲಕ್ಷ ರೂಪಾಯಿ ಪರಿಹಾರ ಕೊಡಿಸಿದ್ದು 2018ರ ಸೆಪ್ಟೆಂಬರ್ 14ರಂದು. ಅದೇ ಪ್ರಕರಣದಲ್ಲಿ ಸಿಕ್ಕಿ ನರಳಿದ್ದ ಬೆಂಗಳೂರಿನ ಕೆ. ಚಂದ್ರಶೇಖರ್ ಆ ತೀರ್ಪಿನ ಸುದ್ದಿಯನ್ನೂ ಅರಿಯುವ ಸ್ಥಿತಿಯಲ್ಲಿರದೆ ಆ ದಿನಗಳಲ್ಲೇ ತೀರಿಕೊಂಡರು. ಅಮೆರಿಕದ ಅಣು ವಿಜ್ಞಾನಿ ಓಪನ್‌ಹೈಮರ್ ಅವರ ಕ್ಲಿಯರೆನ್ಸನ್ನು 1954ರ ಜೂನ್‌ನಲ್ಲಿ ರದ್ದು ಮಾಡಿದ್ದರು. ಆ ವಿಚಾರಣೆ ಸರಿಯಾಗಿ ನಡೆದಿರಲಿಲ್ಲ ಎಂದು ಸರ್ಕಾರವೇ ಒಪ್ಪಿ ಆದೇಶವನ್ನು ತೆಗೆದುಹಾಕಿದ್ದು 2022ರ ಡಿಸೆಂಬರ್‌ನಲ್ಲಿ. ಅಷ್ಟು ಹೊತ್ತಿಗೆ ಅವರು ಸತ್ತು ಐವತ್ತೈದು ವರ್ಷವಾಗಿತ್ತು.

ನಮ್ಮ ನ್ಯಾಯಾಲಯಗಳೂ ಈ ಎಳೆದಾಟದಲ್ಲಿವೆ. ಕೇರಳದ ಮೀಡಿಯಾ ಒನ್ ವಾಹಿನಿಗೆ ಗೃಹ ಇಲಾಖೆ ಕ್ಲಿಯರೆನ್ಸ್ ನಿರಾಕರಿಸಿ, ಕಾರಣವನ್ನು ಮುಚ್ಚಿದ ಲಕೋಟೆಯಲ್ಲಿ ನ್ಯಾಯಾಧೀಶರಿಗೆ ಮಾತ್ರ ತೋರಿಸಿತ್ತು. 2023ರ ಏಪ್ರಿಲ್ 5ರಂದು ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಏನು ತಪ್ಪು ಮಾಡಿದೆ ಎಂದೇ ತಿಳಿಸದೆ ಒಬ್ಬರ ಬಾಯಿ ಕಟ್ಟುವುದು ಸಹಜ ನ್ಯಾಯಕ್ಕೆ ವಿರುದ್ಧ ಎಂದಿತು. ಎರಡು ವರ್ಷ ಕಳೆದು 2025ರ ಮೇ ತಿಂಗಳಲ್ಲಿ, ಬೆಂಗಳೂರೂ ಸೇರಿದಂತೆ ಹಲವು ವಿಮಾನ ನಿಲ್ದಾಣಗಳಲ್ಲಿ ಕೆಲಸ ಮಾಡುತ್ತಿದ್ದ ಸೆಲೆಬಿ ಕಂಪನಿಯ ಕ್ಲಿಯರೆನ್ಸನ್ನು ರಾಷ್ಟ್ರೀಯ ಭದ್ರತೆಯ ಹೆಸರಿನಲ್ಲಿ ರದ್ದು ಮಾಡಿದಾಗ ದಿಲ್ಲಿ ಹೈಕೋರ್ಟು ಸರ್ಕಾರದ ಕ್ರಮವನ್ನು ಎತ್ತಿಹಿಡಿಯಿತು. ಎಷ್ಟು ಹೇಳಬೇಕು, ಎಷ್ಟು ಮುಚ್ಚಬೇಕು ಎಂಬ ಗೆರೆಯನ್ನು ಅವು ಇನ್ನೂ ಅಳಿಸಿ ಬರೆಯುತ್ತಲೇ ಇವೆ. ನನ್ನ ಮಟ್ಟಿಗೆ ಒಂದು ಮಾತು ಖಚಿತ. ಗುಟ್ಟು ಕಾಯುವವನಿಗೆ ನಿಯಮ ಇರುವ ಹಾಗೆಯೇ ಅವನಿಂದ ಕೀಲಿ ಕಸಿಯುವವನಿಗೂ ನಿಯಮ ಇರಬೇಕು. ಎರಡರಲ್ಲಿ ಒಂದು ಸಡಿಲವಾದರೂ ಉಳಿಯುವುದು ಹೆದರಿಕೆ ಮಾತ್ರ. ಹೆದರಿದ ನೌಕರ ಗುಟ್ಟನ್ನು ಕಾಯುವುದಿಲ್ಲ, ಜನರಿಗೆ ಕೊಡಬೇಕಾದ ಕಾಗದವನ್ನೂ ಕೊಡದೆ ತನ್ನನ್ನು ಕಾಯ್ದುಕೊಳ್ಳುತ್ತಾನೆ.

ಹಾಗಾದರೆ ಮಾಡಬೇಕಾದ್ದೇನು? ಮೊದಲನೆಯದು ಮೇಲಧಿಕಾರಿಗಳ ಕೆಲಸ. ಒಬ್ಬ ಅಧಿಕಾರಿಗೆ ಎರಡು ಮೂರು ಕಡೆಯ ಪ್ರಭಾರ ಕೊಟ್ಟರೆ ಅವನ ಪಾಸ್‌ವರ್ಡು ಆಪರೇಟರನ ಬಾಯಲ್ಲಿರುತ್ತದೆ, ಡಾಂಗಲ್ ಆಪರೇಟರನ ಟೇಬಲಿನಲ್ಲಿರುತ್ತದೆ. ಆಪರೇಟರ್ ಗುತ್ತಿಗೆ ನೌಕರ. ತಪ್ಪಾದ ದಿನ ದಾಖಲೆಯಲ್ಲಿ ಅಧಿಕಾರಿಯ ಹೆಸರು, ಬೀದಿಗೆ ಬೀಳುವುದು ಆಪರೇಟರ್. ಇದು ಚಾರಿತ್ರ್ಯದ ದೋಷವಲ್ಲ, ಹುದ್ದೆ ಖಾಲಿ ಬಿಟ್ಟದ್ದರ ಫಲ. ಖಾಲಿ ಹುದ್ದೆ ತುಂಬುವುದೂ ಗುಟ್ಟು ಕಾಯುವ ಕ್ರಮವೇ.

ಎರಡನೆಯದು, ಯಾರು ಯಾವಾಗ ಏನನ್ನು ನೋಡಿದರು ಎಂಬ ದಾಖಲೆ. ಕಂಪ್ಯೂಟರು ಅದನ್ನು ತಾನೇ ಬರೆದಿಡುತ್ತದೆ. ಆದರೆ ಅದನ್ನು ಓದುವವರು ಬೇಕು. ಹಗರಣವಾದ ಮೇಲೆ ಸಿಐಡಿ ಓದುವುದನ್ನು ತಿಂಗಳಿಗೊಮ್ಮೆ ಕಚೇರಿಯ ಮುಖ್ಯಸ್ಥರೇ ಓದಿದರೆ ಎಷ್ಟೋ ಸಂಗತಿ ಮೊಳಕೆಯಲ್ಲೇ ಕಾಣುತ್ತದೆ. ಆ ದಾಖಲೆ ತಪ್ಪು ಮಾಡಿದವನನ್ನು ತೋರಿಸುವಂತೆ ಮಾಡದವನನ್ನು ಬಿಡಿಸುತ್ತದೆ. ಅದಿದ್ದರೆ 40 ಜನರನ್ನು ಒಟ್ಟಿಗೆ ಮನೆಗೆ ಕಳಿಸಬೇಕಾಗಿ ಬರುವುದಿಲ್ಲ.

ಮೂರನೆಯದು, ಗೌಪ್ಯ ಎಂಬ ಮುದ್ರೆಯನ್ನು ಕಂಡಕಂಡಲ್ಲಿ ಒತ್ತಬಾರದು. ಎಲ್ಲ ಕಡತವೂ ಗುಟ್ಟಾದರೆ ಯಾವುದನ್ನು ನಿಜವಾಗಿ ಕಾಯಬೇಕು ಎಂಬುದು ಸಿಬ್ಬಂದಿಗೇ ಮರೆಯುತ್ತದೆ. ಮಾಹಿತಿ ಹಕ್ಕಿನ ಅರ್ಜಿಗೆ ಧಾರಾಳವಾಗಿ ಉತ್ತರಿಸುವ ಕಚೇರಿಯಲ್ಲೇ ನಿಜವಾದ ಗುಟ್ಟುಗಳು ಹೆಚ್ಚು ಭದ್ರ. ಅಲ್ಲಿ ಬಾಗಿಲು ಯಾವುದು, ಗೋಡೆ ಯಾವುದು ಎಂದು ಎಲ್ಲರಿಗೂ ಗೊತ್ತಿರುತ್ತದೆ.

ಕೊನೆಯ ಮಾತು ಕಚೇರಿಯ ಕಟ್ಟೆಯ ಈಚೆ ನಿಂತ ನಮಗೆ. “ಸಾಹೇಬ್ರ, ಸ್ವಲ್ಪ ನೋಡ್ರೀ, ನಮ್ಮವ್ರ ಅದಾರ” ಎನ್ನುವವರು ನಾವೇ. ಪ್ರಶ್ನೆಪತ್ರಿಕೆ ಸಿಗುತ್ತದಂತೆ ಎಂದಾಗ ಎಷ್ಟು ಎಂದು ಕೇಳುವವರೂ ನಾವೇ. ಬಯಲಾದ ದಿನ ವ್ಯವಸ್ಥೆ ಕೆಟ್ಟಿದೆ ಎನ್ನುವವರೂ ನಾವೇ. ಕೊಳ್ಳುವವರಿಲ್ಲದ ಗುಟ್ಟನ್ನು ಯಾರೂ ಕದಿಯುವುದಿಲ್ಲ. ಇಲ್ಲ ಎಂದ ನೌಕರನನ್ನು ಸೊಕ್ಕಿನವನು ಎನ್ನುವ ಮೊದಲು, ನಾಳೆ ನಮ್ಮ ಮಗಳ ವಿಷಯವೂ ಅವನ ಕಡತದಲ್ಲಿ ಇರಬಹುದು, ಆಗ ಇನ್ನೊಬ್ಬರಿಗೂ ಅವನು ಹೀಗೆಯೇ ಇಲ್ಲ ಎನ್ನಲಿ ಎಂದು ಯೋಚಿಸಬೇಕು.